ಐವರ್ನಾಡು ಪರಿಸರದ ಗೌಡ ಮನೆತನಗಳು: ವಲಸೆಯ ಐತಿಹ್ಯ ಮತ್ತು ಆಧಾರಗಳು

ಸುಳ್ಯದಿಂದ ಬೆಳ್ಳಾರೆಗೆ ಹೋಗುವ ದಾರಿಯಲ್ಲಿರುವ ಐವರ್ನಾಡು ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿಗೆ ಸೇರಿದ ಗ್ರಾಮ. ಇಲ್ಲಿಯ ಪಂಚಲಿಂಗೇಶ್ವರ ದೇವಾಲಯವನ್ನೂ ಊರ ಹೆಸರಿನ ಮೊದಲಲ್ಲಿರುವ 'ಐವರ್' ಎಂಬ ಪದವನ್ನೂ ಕೂಡಿಸಿ ಪಾಂಡವರ ಕಥೆಗೆ ಒಯ್ಯುವುದು ಸುಲಭ. ಇತಿಹಾಸದ ವಿದ್ಯಾರ್ಥಿಗೆ ಹೆಸರಿನ ಉತ್ತರಾರ್ಧವೇ ಹೆಚ್ಚು ಉಪಯುಕ್ತವಾದುದು. ನಾಡು, ಸೀಮೆ, ಮಾಗಣೆ, ಗ್ರಾಮ ಎಂಬ ಪದಗಳು ಈ ಭಾಗದಲ್ಲಿ ಬರಿಯ ಭೂಭಾಗಗಳ ಹೆಸರುಗಳಲ್ಲ. ಜನರು ಎಲ್ಲಿ ನೆಲೆನಿಂತರು, ಯಾರಿಗೆ ಕಂದಾಯ ತೆತ್ತರು, ಯಾರ ಕಟ್ಟೆಯಲ್ಲಿ ನ್ಯಾಯ ಕೇಳಿದರು ಎಂಬುದನ್ನು ಸೂಚಿಸುವ ಗುರುತುಗಳು. ಐವರ್ನಾಡು, ಬೆಳ್ಳಾರೆ, ಅಮರಮುಡ್ನೂರು, ಎಣ್ಮೂರು, ಪಂಜ ಮುಂತಾದ ಊರುಗಳಲ್ಲಿ ಹರಡಿಕೊಂಡಿರುವ ಗೌಡ ಮನೆತನಗಳ ಪೂರ್ವಾಪರವನ್ನು ಅರಸುವವನು ಈ ಗುರುತುಗಳಿಂದಲೇ ಹೊರಡಬೇಕಾಗುತ್ತದೆ.

ತಮ್ಮ ಮೂಲವನ್ನು ಕೇಳಿದಾಗ ಈ ಮನೆತನಗಳ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: "ನಮ್ಮದು ಐಗೂರು ಸೀಮೆ." ಐಗೂರು ಈಗಿನ ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನಲ್ಲಿದೆ. ಪಾಳೆಯಗಾರರ ಕಾಲದಲ್ಲಿ ಅದು ಮಂಜರಾಬಾದಿನ ಮಲೆಸೀಮೆಗೆ ಹೆಸರು ಕೊಟ್ಟ ಸ್ಥಳ. ಅಲ್ಲಿಂದ ಘಟ್ಟವಿಳಿದು ಸುಬ್ರಹ್ಮಣ್ಯದ ಆಸುಪಾಸಿಗೆ ಬಂದು, ಕ್ರಮೇಣ ತಗ್ಗಿನ ಬಯಲುಗಳಿಗೆ ಹರಡಿದರೆಂದು ಐತಿಹ್ಯವು ಹೇಳುತ್ತದೆ. 'ಹತ್ತು ಕುಟುಂಬ, ಹದಿನೆಂಟು ಬಳಿ' ಎಂಬ ಮಾತು ಸಮುದಾಯದಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಊರನ್ನು ಬಿಟ್ಟುದರ ಕಾರಣ ಹೇಳುವಾಗ ಮಾತ್ರ ಹೇಳಿಕೆಗಳು ಕವಲೊಡೆಯುತ್ತವೆ. ಮತದ ಒತ್ತಡವನ್ನು ತಾಳಲಾರದೆ ಬಂದರೆಂಬುದು ಒಂದು ಕವಲು. ಪಾಳೆಯಗಾರರ ಉಪಟಳವೆಂಬುದು ಇನ್ನೊಂದು. ನೀರಿರುವ ಹೊಸ ಭೂಮಿಯ ಆಸೆಯೆಂಬುದು ಮತ್ತೊಂದು. ಮೊದಲನೆಯದಕ್ಕೆ ಇತ್ತೀಚಿನ ಬರಹಗಳಲ್ಲಿ ಹೆಚ್ಚಿನ ಒತ್ತು ದೊರೆಯುತ್ತಿದೆ. ನಂಬಿಕೆಗಾಗಿ ನೆಲ ಬಿಟ್ಟ ಕಥೆಗೆ ಇರುವ ಗೌರವ ನೀರಿಗಾಗಿ ನೆಲ ಬಿಟ್ಟ ಕಥೆಗೆ ಇಲ್ಲದಿರುವುದೇ ಇದಕ್ಕೆ ಕಾರಣವಿರಬಹುದು.

ಧರ್ಮದ ಕಾರಣಕ್ಕೆ ವಲಸೆ ಹೋದವರ ವಂಶಶೋಧನೆಯು ಹೇಗೆ ನಡೆಯುತ್ತದೆಂಬುದಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ನಿದರ್ಶನವೆಂದರೆ ಫ್ರಾನ್ಸಿನ ಹ್ಯೂಗೆನಾಟರದು. 1598ರಲ್ಲಿ ನಾಲ್ಕನೆಯ ಹೆನ್ರಿಯು ನಾಂತ್ ಶಾಸನದ ಮೂಲಕ ಈ ಪ್ರೊಟೆಸ್ಟಂಟರಿಗೆ ಕೊಟ್ಟಿದ್ದ ರಕ್ಷಣೆಯನ್ನು ಹದಿನಾಲ್ಕನೆಯ ಲೂಯಿಯು 1685ರಲ್ಲಿ ರದ್ದುಪಡಿಸಿದನು. ಆ ಬಳಿಕ ಒಂದೂವರೆ ಲಕ್ಷಕ್ಕೂ ಮಿಕ್ಕ ಜನ ದೇಶ ಬಿಟ್ಟರೆಂದು ಅಂದಾಜು. ಹಾಲೆಂಡ್, ಇಂಗ್ಲೆಂಡ್, ಪ್ರಷ್ಯ, ಸ್ವಿಟ್ಜರ್ಲೆಂಡುಗಳಿಗೆ ಹೋದವರಲ್ಲದೆ 1688ರಲ್ಲಿ ದಕ್ಷಿಣ ಆಫ್ರಿಕದ ಕೇಪಿಗೆ ಹೋಗಿ ನೆಲೆಸಿದವರೂ ಇದ್ದಾರೆ. 'ರೆಫ್ಯೂಜಿ' ಎಂಬ ಪದ ಇಂಗ್ಲಿಷಿಗೆ ಬಂದುದೇ ಇವರಿಂದ. ಇವರ ವಂಶಶೋಧನೆಗೆ ಮೂರು ಅನುಕೂಲಗಳಿವೆ. ವಲಸೆಗೆ ಖಚಿತವಾದ ಒಂದು ವರ್ಷವಿದೆ. ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವವನು ತನ್ನ ಸದಸ್ಯತ್ವಕ್ಕೆ ಸಾಕ್ಷ್ಯಪತ್ರವನ್ನು ಒಯ್ಯುತ್ತಿದ್ದನು. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯ ಫ್ರೆಂಚ್ ಇಗರ್ಜಿಯಂಥ ಕಡೆಗಳಲ್ಲಿ ದೀಕ್ಷಾಸ್ನಾನ, ಮದುವೆಗಳ ದಾಖಲೆ ಪುಸ್ತಕಗಳು ಉಳಿದಿವೆ. ಅವುಗಳನ್ನು ಅಚ್ಚುಮಾಡುವ ಕೆಲಸವನ್ನು 1885ರಲ್ಲಿ ಸ್ಥಾಪಿತವಾದ ಹ್ಯೂಗೆನಾಟ್ ಸೊಸೈಟಿ ನಡೆಸಿಕೊಂಡು ಬಂದಿದೆ. ಇಷ್ಟಿದ್ದೂ ಮನೆಯಲ್ಲಿ ಹೇಳಿಕೊಂಡು ಬಂದ ಹ್ಯೂಗೆನಾಟ್ ಮೂಲದ ಕಥೆಗಳೆಲ್ಲ ದಾಖಲೆಗೆ ನಿಲ್ಲುವುದಿಲ್ಲ. ಫ್ರೆಂಚ್ ಹೆಸರಿದ್ದ ಮಾತ್ರಕ್ಕೆ ಪೂರ್ವಿಕನು ಮತಭ್ರಷ್ಟತೆಗೆ ಅಂಜಿ ಓಡಿದವನೆಂದಾಗುವುದಿಲ್ಲ. ನಿಜವಾದ ಹ್ಯೂಗೆನಾಟ್ ಹೆಸರುಗಳೂ ಹೊಸ ನಾಡಿನ ನಾಲಿಗೆಯಲ್ಲಿ ಗುರುತು ಸಿಗದಂತೆ ಬದಲಾಗಿವೆ. ಕೇಪಿನಲ್ಲಿ ವಿಲಿಯೋಂ ಎಂಬುದು ವಿಲ್ಯೂನ್ ಆದುದು ಇದಕ್ಕೊಂದು ಉದಾಹರಣೆ.

ನಮ್ಮ ಪರಿಸರದಲ್ಲಿಯೇ ಈ ಮಾದರಿಗೆ ಹತ್ತಿರವಾಗುವವರು ಗೋವೆಯಿಂದ ಬಂದ ಕೊಂಕಣಿಗರು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಗೆದ್ದುದು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಸ್ಥಾಪನೆಯಾದುದು ಇವು ಕಾಲನಿರ್ದೇಶಕ್ಕೆ ಒದಗುವ ಗಟ್ಟಿ ಮೈಲಿಗಲ್ಲುಗಳು. ಪುತ್ತೂರು, ಸುಳ್ಯದ ಪೇಟೆಗಳಲ್ಲಿ ನೆಲೆಸಿದ ಗೌಡ ಸಾರಸ್ವತ ಮನೆತನಗಳಿಗೆ ಗೋವೆಯಲ್ಲಿ ಕುಲದೇವತೆಯ ದೇವಾಲಯವುಂಟು. ಮೂಲದ ಊರನ್ನು ಆ ದೇವಾಲಯದ ಮೂಲಕ ಹಿಡಿಯಬಹುದು. (ಸಾರಸ್ವತರ ಹೆಸರಿನ 'ಗೌಡ' ಪದಕ್ಕೂ ಒಕ್ಕಲುತನದ ಗೌಡರಿಗೂ ಸಂಬಂಧವಿಲ್ಲವೆಂಬುದನ್ನು ಹೊರಗಿನ ಓದುಗರಿಗಾಗಿ ಹೇಳಬೇಕಾಗಿದೆ.) ಐಗೂರಿನಿಂದ ಬಂದೆವೆನ್ನುವ ಗೌಡರಿಗೆ ಅಂಥ ಒಂದು ವರ್ಷವಾಗಲಿ, ಪತ್ರವಾಗಲಿ, ಅಲ್ಲಿ ಬಿಟ್ಟುಬಂದ ದೇವಾಲಯವಾಗಲಿ ಇಲ್ಲ. ಇರುವುದು ಬಳಿ, ಮನೆಯ ಹೆಸರು, ಆಡುವ ಮಾತು, ಆರಾಧಿಸುವ ದೈವ ಮತ್ತು ಚೆದುರಿಹೋದ ಕಂದಾಯದ ಕಾಗದಗಳು. ಇವುಗಳಲ್ಲಿ ಒಂದೊಂದು ಒಂದೊಂದು ಕಾಲದ ಸಾಕ್ಷಿ. ಎಲ್ಲವನ್ನೂ ಒಂದೇ ಕಾಲಕ್ಕೆ ಕಟ್ಟಿ ಐಗೂರಿಗೆ ತಳ್ಳುವುದರಿಂದಲೇ ಈ ವಿಷಯದಲ್ಲಿ ಗೊಂದಲ ಹುಟ್ಟಿದೆ.

ಬಳಿಯಿಂದ ಆರಂಭಿಸಬಹುದು. ಎಚ್. ಎ. ಸ್ಟುವರ್ಟನು 1895ರಲ್ಲಿ ಪ್ರಕಟವಾದ ದಕ್ಷಿಣ ಕನ್ನಡ ಜಿಲ್ಲೆಯ ಮ್ಯಾನ್ಯುಅಲ್ಲಿನ ಎರಡನೆಯ ಸಂಪುಟದಲ್ಲಿ ಗೌಡರ ಬಗ್ಗೆ ಕೊಟ್ಟಿರುವ ಟಿಪ್ಪಣಿಯನ್ನೇ ಥರ್ಸ್ಟನ್ 1909ರ ತನ್ನ ಗ್ರಂಥದಲ್ಲಿ ಬಳಸಿಕೊಂಡಿದ್ದಾನೆ. ಅಂದಿನ ಉಪ್ಪಿನಂಗಡಿ ತಾಲೂಕಿನಲ್ಲಿ ಗೌಡರು ಬಹುಸಂಖ್ಯೆಯಲ್ಲಿದ್ದರು. ಇಂದಿನ ಪುತ್ತೂರು, ಸುಳ್ಯ ಭಾಗಗಳು ಆ ತಾಲೂಕಿನೊಳಗಿದ್ದವು. ಗ್ರಾಮಕ್ಕೆ ಗ್ರಾಮಗೌಡ ಮತ್ತು ಒತ್ತುಗೌಡ, ಎಂಟೊಂಬತ್ತು ಗ್ರಾಮಗಳಿಗೆ ಮಾಗಣೆಗೌಡ, ಒಂಬತ್ತು ಮಾಗಣೆಗಳ ಮೇಲೆ ಕಟ್ಟೆಮನೆಯವನು ಎಂಬ ಶ್ರೇಣಿಯನ್ನು ಟಿಪ್ಪಣಿಯು ವಿವರಿಸುತ್ತದೆ. ಹದಿನೆಂಟು ಬಳಿಗಳ ಮಾತೂ ಅಲ್ಲಿದೆ. ನಂದರ, ಹೆಮ್ಮನ, ಗೋಳಿ, ಕಬರು, ಸೆಟ್ಟಿ, ಬಂಗಾರ, ಸಾಲು ಮೊದಲಾದವು ಅಂಥ ಬಳಿಗಳು. ಬಳಿಯು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಬಳಿಯವರಲ್ಲಿ ಮದುವೆ ಸಲ್ಲದು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಸುಳ್ಯದ ಗೌಡರು ಮನೆಯಲ್ಲಿ ಅರೆಭಾಷೆಯನ್ನಾಡುತ್ತಾರೆ. ಪುತ್ತೂರು, ಬೆಳ್ತಂಗಡಿ ಕಡೆಯ ಗೌಡರ ಮನೆಮಾತು ತುಳು. ಹೀಗಿದ್ದರೂ ಬಳಿಗಳು ಎರಡೂ ಕಡೆ ಸಮಾನ. ಎಂದರೆ ಭಾಷೆಯ ಗೆರೆ ಬೇರೆ, ರಕ್ತಸಂಬಂಧದ ಗೆರೆ ಬೇರೆ. ಕೋಡಿ ಕುಶಾಲಪ್ಪ ಗೌಡರು 1970ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಪ್ರಕಟವಾದ 'ಗೌಡ ಕನ್ನಡ' ಎಂಬ ಗ್ರಂಥದಲ್ಲಿ ಈ ಉಪಭಾಷೆಯನ್ನು ಭಾಷಾವಿಜ್ಞಾನದ ಕ್ರಮದಲ್ಲಿ ವಿವರಿಸಿದರು. 'ಇದೆ' ಎನ್ನುವಲ್ಲಿ 'ಉಟ್ಟು' ಎನ್ನುವ ಈ ಮಾತು ಸುತ್ತಲಿನ ತುಳು, ಮಲಯಾಳಗಳ ನಡುವೆ ಕನ್ನಡವಾಗಿಯೇ ಉಳಿದುಬಂದಿದೆ. ಘಟ್ಟದ ಮೇಲಿನ ಕನ್ನಡ ನಾಡಿನಿಂದ ಈ ಜನ ಬಂದರೆಂಬುದಕ್ಕೆ ನಮಗಿರುವ ಆಧಾರಗಳಲ್ಲಿ ಇದೇ ಪ್ರಬಲವಾದುದೆಂದು ನನ್ನ ಅಭಿಪ್ರಾಯ. ತುಳುವನ್ನು ಒಪ್ಪಿಕೊಂಡವರು ಬೇಗ ಬಂದವರೋ, ಅಥವಾ ಕಡಿಮೆ ಸಂಖ್ಯೆಯಲ್ಲಿ ಚೆದುರಿ ನೆಲೆಸಿದವರೋ ಎಂಬುದು ಬೇರೆಯೇ ಅಧ್ಯಯನಕ್ಕೆ ಅರ್ಹವಾದ ಪ್ರಶ್ನೆ.

ಎರಡನೆಯ ಸಂಗತಿ ಬಳಿಗಳ ಹೆಸರುಗಳಿಗೆ ಸಂಬಂಧಿಸಿದುದು. ಬಂಗಾರ, ಸಾಲು ಎಂಬವು ತುಳುವ ಸಮುದಾಯಗಳ ಬಂಗೇರ, ಸಾಲ್ಯಾನ್ ಬರಿಗಳನ್ನು ಕೂಡಲೇ ನೆನಪಿಗೆ ತರುತ್ತವೆ. ತುಳುವರ ಬರಿ ಅಳಿಯಸಂತಾನದ ಕ್ರಮದಲ್ಲಿ ತಾಯಿಯ ಕಡೆಯಿಂದ ಬರುವಂಥದು, ಗೌಡರ ಬಳಿ ತಂದೆಯ ಕಡೆಯದು. ಹೆಸರು ಇಲ್ಲಿಯದು, ಕಟ್ಟು ಅಲ್ಲಿಯದು ಎಂದಾಗುತ್ತದೆ. ಆದ್ದರಿಂದ ಬಳಿಗಳೆಲ್ಲವೂ ಐಗೂರಿನಿಂದಲೇ ಹೊತ್ತು ತಂದವುಗಳೆಂದು ಹೇಳಲಾಗದು. ಕೆಲವಾದರೂ ತುಳುನಾಡಿಗೆ ಇಳಿದ ಮೇಲೆ ರೂಪುಗೊಂಡಿರಬೇಕು. ಇನ್ನು 'ಲಿಂಗಾಯತ' ಎಂಬ ಹೆಸರಿನ ಬಳಿಯೂ ಈ ಸಮುದಾಯದಲ್ಲಿದೆ. ವೀರಶೈವದ ಒತ್ತಡಕ್ಕೆ ಅಂಜಿ ಊರು ಬಿಟ್ಟೆವೆನ್ನುವ ಐತಿಹ್ಯದ ಪಕ್ಕದಲ್ಲಿ ಈ ಹೆಸರನ್ನಿಟ್ಟು ನೋಡಬೇಕು. ವೆಂಕಟರಮಣನನ್ನು ಕುಲದೇವರೆಂದೂ ಶೃಂಗೇರಿಯನ್ನು ಗುರುಪೀಠವೆಂದೂ ನಂಬುವ ಸಮುದಾಯ ತನ್ನೊಳಗೆ ಲಿಂಗಾಯತ ಬಳಿಯನ್ನು ಇರಿಸಿಕೊಂಡಿದೆ; ಸುಗ್ಗಿಯ ತಿಂಗಳಲ್ಲಿ ಕುಣಿಯುವ ಸಿದ್ಧವೇಷದಲ್ಲಿ ನಾಥ ಸಿದ್ಧರ ನೆನಪನ್ನೂ ಉಳಿಸಿಕೊಂಡಿದೆ. ಇಷ್ಟು ಬಗೆಯ ಮತಗಳ ಪದರಗಳಿರುವ ಜನಸಮೂಹವನ್ನು ಒಂದು ಮತದಿಂದ ಇನ್ನೊಂದರ ಕಡೆಗೆ ಓಡಿಬಂದವರೆಂದು ಚಿತ್ರಿಸುವುದು ಸರಳೀಕರಣ. ಹಾಗೆಂದು ಐತಿಹ್ಯವನ್ನು ತಳ್ಳಿಹಾಕಬೇಕಾಗಿಲ್ಲ. ಕೆಲವು ಮನೆತನಗಳು ಆ ಕಾರಣಕ್ಕೇ ಬಂದಿರಬಹುದು. ಆದರೆ ಅದು ಇಡೀ ಸಮುದಾಯದ ಆಗಮನಕ್ಕೆ ಕಾಲವನ್ನು ನಿರ್ಧರಿಸುವ ಆಧಾರವಾಗದು.

ಮನೆಯ ಹೆಸರುಗಳದು ಬೇರೆಯ ಕಥೆ. ಸುಳ್ಯ ಸೀಮೆಯಲ್ಲಿ ವ್ಯಕ್ತಿಯನ್ನು ಗುರುತಿಸುವುದು ಹೆಸರಿನ ಮುಂದಿರುವ ಮನೆಯಿಂದ: ಕೆದಂಬಾಡಿ, ಗುಡ್ಡೆಮನೆ, ಕೂಜುಗೋಡು, ಕುರುಂಜಿ, ಕೋಡಿ. ಇವುಗಳಲ್ಲಿ ಒಂದೂ ಐಗೂರಿನ ಊರ ಹೆಸರಲ್ಲ. ತುಳುನಾಡಿನ ರೈತನು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ನೀರಿನ ಆಸರೆಗೆ ತಕ್ಕಂತೆ ವಿಂಗಡಿಸುತ್ತಾನೆ. ಈ ಪದಗಳೂ ಕೋಡಿ, ಗುಡ್ಡೆ, ಮೂಲೆ, ಅಡ್ಕ ಮುಂತಾದವೂ ಮನೆಯ ಹೆಸರುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಎಂದರೆ ಮನೆಯ ಹೆಸರು ವಲಸೆ ಬಂದವನು ಮೊದಲು ಹಿಡಿದ ಭೂಮಿಯ ವಿವರಣೆ. ಇದನ್ನು ಆಧರಿಸಿ ಒಂದು ಕುಟುಂಬವು ಈ ನೆಲದಲ್ಲಿ ಮೊದಲು ಊರಿದ ಜಾಗವನ್ನು ಬಹುಮಟ್ಟಿಗೆ ನಿಖರವಾಗಿ ತೋರಿಸಬಹುದು. ಅದಕ್ಕಿಂತ ಹಿಂದಿನದನ್ನು ತೋರಿಸಲಾಗದು. ದೈವಗಳ ವಿಚಾರವೂ ಹೀಗೆಯೇ. ತರವಾಡು ಮನೆಗಳಲ್ಲಿ ನಂಬಿಕೊಂಡು ಬಂದ ದೈವಗಳು ತುಳುವರಿಂದಲೂ ಮಲಯಾಳದ ಕಡೆಯಿಂದಲೂ ಬಂದವುಗಳು. ವಿಷ್ಣುಮೂರ್ತಿಯ ಒತ್ತೆಕೋಲವು ಇದಕ್ಕೆ ಎದ್ದುಕಾಣುವ ಸಾಕ್ಷಿ. ಭೂಮಿಯೊಂದಿಗೆ ದೈವವೂ ಬರುತ್ತದೆಂಬುದು ಈ ಸೀಮೆಯ ನಂಬಿಕೆ. ಭೂಮಿಯನ್ನು ಪಡೆದವನು ಅದರ ದೈವಕ್ಕೂ ನಡೆದುಕೊಳ್ಳಬೇಕು.

ಇದುವರೆಗೆ ಹೇಳಿದುದು ಘಟ್ಟವಿಳಿದ ವಲಸೆಯ ಮಾತು. ಇದೇ ಮನೆತನಗಳು ಮತ್ತೆ ಘಟ್ಟವೇರಿದ ಎರಡನೆಯ ವಲಸೆಯೊಂದಿದೆ. ಅದರ ಆಧಾರಗಳು ಹೆಚ್ಚು ಗಟ್ಟಿಯಾಗಿವೆ. ನಮ್ಮ ಸಂಶೋಧಕರು ಐಗೂರಿಗೆ ಕೊಟ್ಟಷ್ಟು ಗಮನವನ್ನು ಇದಕ್ಕೆ ಕೊಡದಿರುವುದು ಆಶ್ಚರ್ಯ.

ಅಮರ ಸುಳ್ಯದ ಮಾಗಣೆಗಳು ಹದಿನೆಂಟನೆಯ ಶತಮಾನದಲ್ಲಿ ಇಕ್ಕೇರಿ, ಕೊಡಗು ಮತ್ತು ಮೈಸೂರುಗಳ ನಡುವೆ ಕೈ ಬದಲಾಯಿಸುತ್ತಿದ್ದವು. 1785ರಲ್ಲಿ ಟಿಪ್ಪು ಸುಲ್ತಾನನು ಕೊಡಗಿನವರನ್ನು ದೊಡ್ಡ ಸಂಖ್ಯೆಯಲ್ಲಿ ಸೆರೆಯೊಯ್ದುದರಿಂದ ಅಲ್ಲಿ ಅನೇಕ ಮನೆಗಳು ಬರಿದಾದವು. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರನು ರಾಜ್ಯವನ್ನು ಮರಳಿ ಕಟ್ಟುವಾಗ ಪಾಳುಬಿದ್ದ ಗದ್ದೆಗಳನ್ನು ಉಳಲು ಜನ ಬೇಕಾಗಿತ್ತು. ಸುಳ್ಯ ಸೀಮೆಯ ಗೌಡರನ್ನು ಕರೆಸಿ ಭೂಮಿ ಕೊಟ್ಟು ನಿಲ್ಲಿಸಿದುದು ಈ ಸಂದರ್ಭದಲ್ಲಿ. ಆದ್ದರಿಂದಲೇ ಕೊಡಗಿನ ಗೌಡ ಕುಟುಂಬಗಳ ಹೆಸರುಗಳು ಒಂದೇ ಬಗೆಯವಲ್ಲ. ಕೆಲವರು ಸುಳ್ಯದ ಮನೆಯ ಹೆಸರನ್ನು ಹೊತ್ತುಕೊಂಡೇ ಹೋದರು. ಕೆಲವರು ತಾವು ಸೇರಿದ, ಒಡೆಯರಿಲ್ಲದ ಕೊಡವ ಮನೆಯ ಹೆಸರನ್ನು ತಮ್ಮದಾಗಿಸಿಕೊಂಡರು. ಕೊಡಗಿನಲ್ಲಿ ಇಂದು ಒಂದೇ ಮನೆಹೆಸರು ಕೊಡವರಲ್ಲಿಯೂ ಗೌಡರಲ್ಲಿಯೂ ಕಂಡುಬಂದರೆ ಅದರ ಹಿಂದೆ ಒಂದು ಮನೆ ಬರಿದಾದ ಕಥೆ ಇರುವ ಸಾಧ್ಯತೆಯನ್ನು ಸಂಶೋಧಕನು ಮರೆಯಬಾರದು. ಇಂಥಲ್ಲಿ ಮನೆಹೆಸರನ್ನೇ ನಂಬಿ ವಂಶವೃಕ್ಷ ಬರೆದರೆ ಕವಲು ಬೇರೊಬ್ಬರ ಮರಕ್ಕೆ ಹೋಗಿ ಸೇರುತ್ತದೆ. ಬಳಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ಘಟ್ಟವೇರಿದವನು ಮನೆಯ ಹೆಸರನ್ನು ಬಿಟ್ಟಿರಬಹುದು, ಬಳಿಯನ್ನು ಬಿಡಲಾರ. ಬಿಟ್ಟರೆ ಮದುವೆಗೆ ಹೆಣ್ಣು ಕೇಳುವಂತಿರಲಿಲ್ಲ.

ಇದರ ಜೊತೆಗೆ ಕೊಡಗಿನ ಕಂದಾಯ ದಾಖಲೆಗಳ ಸಹಾಯವೂ ಉಂಟು. ಅಲ್ಲಿಯ ಜಮ್ಮ ಹಿಡುವಳಿಯು ಕುಟುಂಬಕ್ಕೆ ಸೇರಿದುದು. ಮಾರುವಂತಿರಲಿಲ್ಲ, ಅರಸನಿಗೆ ಸೇವೆಯನ್ನು ಸಲ್ಲಿಸಬೇಕಾಗಿತ್ತು. ಕುಟುಂಬದ ಹಿರಿಯನ ಹೆಸರು ಪಟ್ಟೇದಾರನೆಂದು ಲೆಕ್ಕದಲ್ಲಿ ಬರುತ್ತದೆ. ಲಿಂಗರಾಜೇಂದ್ರನ ಕಾಲದಲ್ಲಿ (1811–1820) ನಡೆದ ಭೂಮಿಯ ಅಳತೆಯ ಲೆಕ್ಕಗಳು 'ಶಿಸ್ತು' ಎಂದು ಪ್ರಸಿದ್ಧವಾಗಿವೆ. ಪಟ್ಟೇದಾರರ ಹೆಸರುಗಳನ್ನು ಅನುಕ್ರಮವಾಗಿ ಜೋಡಿಸಿದರೆ ಐನ್‌ಮನೆಯ ಏಳೆಂಟು ತಲೆಮಾರುಗಳ ಹಿರಿಯರು ಸಿಗುತ್ತಾರೆ. ಇತ್ತ ಘಟ್ಟದ ಕೆಳಗೆ ಜಮ್ಮದ ಬದಲು ವರ್ಗದ ಪದ್ಧತಿ. 1799–1800ರಲ್ಲಿ ಕೆನರಾದ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಕಂಡುದು ಈ ವರ್ಗಗಳ ಲೆಕ್ಕವನ್ನು. ವರ್ಗದಾರನು ತೀರಿಕೊಂಡು ಬಹುಕಾಲವಾದರೂ ಅವನ ಹೆಸರಿನಲ್ಲಿಯೇ ಲೆಕ್ಕ ಮುಂದುವರಿಯುತ್ತಿದ್ದುದುಂಟು. ಇದು ಕಂದಾಯದ ಅಧಿಕಾರಿಗಳಿಗೆ ತಲೆನೋವಾದರೂ ವಂಶಶೋಧಕನಿಗೆ ವರದಾನ; ಆದರೆ ಲೆಕ್ಕದಲ್ಲಿ ಹೆಸರಿದ್ದ ವರ್ಷದಲ್ಲಿ ಆ ವ್ಯಕ್ತಿ ಬದುಕಿದ್ದನೆಂದು ತಿಳಿಯುವ ಅಪಾಯವೂ ಇದರಲ್ಲೇ ಇದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಅಪ್ಪಯ್ಯ, ರಾಮಯ್ಯ, ದೇವಯ್ಯ, ಸುಬ್ಬಯ್ಯ ಎಂಬ ನಾಲ್ಕೈದು ಹೆಸರುಗಳೇ ಸುತ್ತುತ್ತಿರುತ್ತವೆ. ಇಬ್ಬರು ಅಪ್ಪಯ್ಯರನ್ನು ಒಬ್ಬನೆಂದು ಎಣಿಸಿದರೆ ಎರಡು ತಲೆಮಾರುಗಳು ಕಳೆದುಹೋಗುತ್ತವೆ.

ಘಟ್ಟದ ಮೇಲೆ ಕೆಳಗೆ ಹರಡಿದ ಈ ಬಂಧುತ್ವ ಎಷ್ಟು ಜೀವಂತವಾಗಿತ್ತೆಂಬುದನ್ನು 1837ರ ಹೋರಾಟ ತೋರಿಸುತ್ತದೆ. 1834ರಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ ಮತ್ತು ಪುತ್ತೂರು ಭಾಗಗಳನ್ನು ಬೇರ್ಪಡಿಸಿ ಕೆನರಾಕ್ಕೆ ಸೇರಿಸಿತು. ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಾಣ್ಯದಲ್ಲಿ ಕೊಡಬೇಕಾಯಿತು. ಒಂದೇ ಕುಟುಂಬದ ಎರಡು ಕವಲುಗಳು ಎರಡು ಆಡಳಿತಗಳಿಗೆ ಹಂಚಿಹೋದವು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದ ದಂಡಿಗೆ ಕೆದಂಬಾಡಿ ರಾಮಯ್ಯ ಗೌಡರು ಸುಳ್ಯದಲ್ಲಿ ಮುಖಂಡರಾದರು. 1837ರ ಮಾರ್ಚ್ 30ರಂದು ಐವರ್ನಾಡಿಗೆ ಸಮೀಪದ ಬೆಳ್ಳಾರೆಯ ಖಜಾನೆಯು ವಶವಾಯಿತು. ಏಪ್ರಿಲ್ 5ರಂದು ದಂಡು ಮಂಗಳೂರನ್ನು ಹಿಡಿಯಿತು. ಕೊಡಗಿನಲ್ಲಿ ಇದರೊಂದಿಗೆ ನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಕಂದಾಯದ ಕುಂದುಕೊರತೆಯನ್ನಷ್ಟೇ ಹೇಳಿ ಈ ಹೋರಾಟವನ್ನು ವಿವರಿಸುವುದು ರೂಢಿ. ಮಡಿಕೇರಿಯಿಂದ ಸುಳ್ಯಕ್ಕೆ, ಸುಳ್ಯದಿಂದ ಪುತ್ತೂರಿಗೆ ಇಷ್ಟು ಬೇಗ ಸುದ್ದಿಯೂ ಜನವೂ ಹರಿದುದಕ್ಕೆ ಬಳಿ ಮತ್ತು ಮದುವೆಯ ಸಂಬಂಧಗಳೂ ಕಾರಣವಾಗಿರಬೇಕೆಂಬುದು ಈ ಲೇಖಕನ ಊಹೆ. ಹೋರಾಟಗಾರರ ಮನೆತನ ಮತ್ತು ಬಳಿಗಳನ್ನು ಗುರುತಿಸಿ ಪಟ್ಟಿಮಾಡಿದರೆ ಈ ಊಹೆಯನ್ನು ಪರೀಕ್ಷಿಸಬಹುದು.

ಈ ಕೆಲಸಕ್ಕೆ ಈಗ ಬೇರೊಂದು ತುರ್ತೂ ಒದಗಿದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಯಾಯಿತು. ಪೂರ್ವಿಕರಿಗೆ ಬಹಿರಂಗ ಗೌರವ ದೊರೆತಾಗ ಅವರೊಂದಿಗೆ ಸಂಬಂಧ ಹೇಳುವ ಮನೆಗಳೂ ಹೆಚ್ಚುತ್ತವೆ. ಇದು ಎಲ್ಲ ದೇಶಗಳಲ್ಲಿಯೂ ಕಂಡ ಮಾತು. ಕುಟುಂಬಗಳು ಅಚ್ಚು ಹಾಕಿಸುವ ವಂಶಾವಳಿಯ ಪುಸ್ತಿಕೆಗಳು ಹೆಚ್ಚುತ್ತಿರುವುದು ಸಂತೋಷದ ವಿಷಯವೇ. ಆದರೆ ಅವುಗಳಲ್ಲಿ ಕೇಳಿದುದು ಯಾವುದು, ಕಾಗದದಲ್ಲಿ ಕಂಡುದು ಯಾವುದು ಎಂಬ ವಿವೇಚನೆ ಅಪರೂಪ. ಐಗೂರಿನಿಂದ ಬಂದ ಅಣ್ಣತಮ್ಮಂದಿರ ಹೆಸರಿನ ಕೆಳಗೆ ನೇರವಾಗಿ 1837ರ ವ್ಯಕ್ತಿಯನ್ನು ಬರೆದು, ನಡುವಣ ತಲೆಮಾರುಗಳ ಲೋಪವನ್ನು ಒಂದು ಗೆರೆಯಿಂದ ಮುಚ್ಚುವುದುಂಟು. ಆ ಗೆರೆಯ ಜಾಗದಲ್ಲಿ ಖಾಲಿ ಬಿಟ್ಟಿದ್ದರೆ ಮುಂದಿನವನಾದರೂ ತುಂಬುತ್ತಿದ್ದನು. ಹೆಣ್ಣುಮಕ್ಕಳ ಹೆಸರುಗಳಂತೂ ಈ ಪುಸ್ತಿಕೆಗಳಲ್ಲಿ ಸಿಗುವುದು ವಿರಳ. ಘಟ್ಟದ ಎರಡು ಬದಿಗಳನ್ನು ಹೊಲಿದವರು ಮದುವೆಯಾಗಿ ಹೋದ ಹೆಣ್ಣುಮಕ್ಕಳೇ ಆಗಿರುವಾಗ ಅವರನ್ನು ಬಿಟ್ಟು ಬರೆದ ವಂಶಾವಳಿಯು ವಲಸೆಯ ದಾರಿಯನ್ನು ತೋರಿಸಲಾರದು. ಹ್ಯೂಗೆನಾಟರ ಇಗರ್ಜಿಯ ಪುಸ್ತಕಗಳಲ್ಲಿ ವಧುವಿನ ಹೆಸರು, ಅವಳ ತಂದೆಯ ಊರು ಸಿಗುತ್ತವೆ. ನಮ್ಮಲ್ಲಿ ಅದನ್ನು ಹಿರಿ ಹೆಂಗಸರಿಂದಲೇ ಕೇಳಿ ಬರೆದುಕೊಳ್ಳಬೇಕು: ಅಜ್ಜಿಯ ತವರು ಯಾವುದು, ಅವಳ ಅಜ್ಜಿಯ ತವರು ಯಾವುದು ಎಂದು.

ಮನೆಗಳಲ್ಲಿದ್ದ ಕಾಗದಗಳ ಗತಿಯೂ ಚಿಂತೆಗೆ ಕಾರಣವಾಗಿದೆ. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿಚೀಟುಗಳೂ ಹಳೆಯ ಪತ್ರಗಳೂ ಸಾಕ್ಷ್ಯಕ್ಕೆಂದು ಅಟ್ಟದಿಂದ ಕೆಳಗಿಳಿದವು. ವ್ಯಾಜ್ಯ ಮುಗಿದ ಮೇಲೆ ಎಲ್ಲವೂ ಮರಳಿ ಅಟ್ಟ ಸೇರಲಿಲ್ಲ. ಕೂಡುಕುಟುಂಬಗಳು ಪಾಲಾದಾಗ ಪಾತ್ರೆ, ಪೆಟ್ಟಿಗೆಗಳನ್ನು ಹಂಚಿಕೊಂಡರು. ಓಲೆಯ ಕಟ್ಟುಗಳನ್ನು ಕೇಳಿದವರಿಲ್ಲ. ಹೆಂಚಿನ ಮನೆ ಕೆಡವಿ ತಾರಸಿ ಕಟ್ಟುವಾಗ ಉಳಿದುದೂ ಹೋಯಿತು. 2011ರಲ್ಲಿ ಅರೆಭಾಷೆಗೆ ಪ್ರತ್ಯೇಕ ಅಕಾಡೆಮಿ ಸ್ಥಾಪನೆಯಾದ ಮೇಲೆ ಶಬ್ದಗಳನ್ನೂ ಆಚರಣೆಗಳನ್ನೂ ಸಂಗ್ರಹಿಸುವ ಕೆಲಸಕ್ಕೆ ನೆಲೆ ಸಿಕ್ಕಿದೆ. ಅದೇ ರೀತಿಯಲ್ಲಿ ಐವರ್ನಾಡು, ಬೆಳ್ಳಾರೆ, ಪಂಜದ ತರವಾಡು ಮನೆಗಳ ಕಡತಗಳನ್ನು ಇದ್ದಲ್ಲಿಯೇ ಛಾಯಾಚಿತ್ರ ತೆಗೆದು, ಕೊಡಗಿನ ಪಟ್ಟೇದಾರರ ಹೆಸರುಗಳನ್ನು ಕೆನರಾದ ವರ್ಗದಾರರ ಹೆಸರುಗಳ ಪಕ್ಕದಲ್ಲಿ ಬಳಿಯ ಕ್ರಮದಲ್ಲಿ ಜೋಡಿಸುವ ಕೆಲಸ ಆರಂಭವಾಗಬೇಕು. ಮೊದಲಿಗೆ ಒಂದೇ ಬಳಿಯನ್ನು, ಬೇಕಾದರೆ ನಂದರ ಬಳಿಯನ್ನು ತೆಗೆದುಕೊಂಡು, ಐವರ್ನಾಡಿನಿಂದ ಮಡಿಕೇರಿಯವರೆಗಿನ ಅದರ ಮನೆಗಳನ್ನೆಲ್ಲ ಗುರುತಿಸಿದರೂ ಸಾಕು. ಐಗೂರಿನ ಪ್ರಶ್ನೆಯನ್ನು ಆ ಪಟ್ಟಿ ಸಿದ್ಧವಾದ ಮೇಲೆ ಕೈಗೆತ್ತಿಕೊಳ್ಳಬಹುದು.